ಪಲ್ಲಾವರಂ ಕಲ್ಲು, ಮಕ್ಕಳ ಮೀನಖಂಡ

1863ರ ಮೇ 30ರಂದು ಪಲ್ಲಾವರಂನ ಪರೇಡ್ ಮೈದಾನದ ಬಳಿ, ಜಲ್ಲಿ ತೆಗೆದ ಗುಂಡಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹಳೆ ಶಿಲಾಯುಗದ ಉಪಕರಣವೊಂದನ್ನು ಗುರುತಿಸಿದರು. ಜನ ಓಡಾಡುತ್ತಿದ್ದ ಜಾಗವೇ ಅದು. ಆದರೂ ಆ ಕಲ್ಲು ಕಣ್ಣಿಗೆ ಬಿದ್ದದ್ದು ಯುರೋಪಿನಲ್ಲಿ ಸಿಕ್ಕ ಅಂಥ ಉಪಕರಣಗಳ ವಿಷಯ ತಿಳಿದಿದ್ದ ಭೂವಿಜ್ಞಾನಿಗೆ ಮಾತ್ರ. ಮಕ್ಕಳ ರಕ್ತನಾಳದ ಉರಿಯೂತದ ಚರಿತ್ರೆಯನ್ನೂ ಹೀಗೆಯೇ ಓದಬೇಕು. ಹೆಸರು ತಡವಾಗಿ ಬಂತೆಂದ ಮಾತ್ರಕ್ಕೆ ರೋಗವೂ ತಡವಾಗಿ ಬಂತು ಎನ್ನಲಾಗದು. ಫೂಟ್ ಕಲ್ಲು ಹೆಕ್ಕಿದ ಮೂರೇ ವರ್ಷಕ್ಕೆ, 1866ರಲ್ಲಿ, ಜರ್ಮನಿಯ ಕುಸ್‌ಮೌಲ್ ಮತ್ತು ಮೈಯರ್ 27 ವರ್ಷದ ದರ್ಜಿಯೊಬ್ಬನ ಕಾಯಿಲೆಯನ್ನು ವಿವರಿಸಿದರು. ಮೈಕೈ ನೋವು, ಮೇಲೇಳಲಾಗದಷ್ಟು ನಿಶ್ಶಕ್ತಿ. ಸತ್ತ ಮೇಲೆ ಕೊಯ್ದು ನೋಡಿದರೆ ಅಪಧಮನಿಗಳುದ್ದಕ್ಕೂ ಸಣ್ಣ ಸಣ್ಣ ಗಂಟು. ರಕ್ತನಾಳದ ಕಾಯಿಲೆಗೆ ಅಲ್ಲಿ ಸಾಕ್ಷಿ ನುಡಿದದ್ದು ಸ್ನಾಯು. ಟೋಕಿಯೊದ ತೊಮಿಸಾಕು ಕವಾಸಾಕಿ, ಮುಂದೆ ತಮ್ಮದೇ ಹೆಸರು ಪಡೆದ ಕಾಯಿಲೆಯ 50 ಮಕ್ಕಳ ವಿವರ ಪ್ರಕಟಿಸಿದ್ದು 1967ರಲ್ಲಿ. ಹತ್ತು ವರ್ಷದ ಬಳಿಕ ಲ್ಯಾಂಡಿಂಗ್ ಮತ್ತು ಲಾರ್ಸನ್ ಹಳೆಯ ಶವಪರೀಕ್ಷೆಗಳನ್ನು ಕೆದಕಿ, ಎಳೆಗೂಸುಗಳಲ್ಲಿ ಮೊದಲೇ ಕಂಡಿದ್ದ ಅಪಧಮನಿ ಉರಿಯೂತಕ್ಕೂ ಮಾರಕ ಕವಾಸಾಕಿ ಕಾಯಿಲೆಗೂ ವ್ಯತ್ಯಾಸ ಕಾಣದು ಎಂದರು. ಕವಾಸಾಕಿ ಕಾಯಿಲೆಯ ಬಗ್ಗೆ ಭಾರತದ ಮೊದಲ ವರದಿ ಅಚ್ಚಾದದ್ದೂ ಅದೇ 1977ರಲ್ಲಿ.

ಎಲ್ಲವೂ ಗುರುತಿಸುವವರ ಕಣ್ಣಿನ ಪ್ರಶ್ನೆಯೇ ಎಂದು ಕೇಳಿದರೆ, ಅಲ್ಲ. ಜಪಾನಿನಲ್ಲಿ 1979, 1982, 1986ರಲ್ಲಿ ಕವಾಸಾಕಿ ಕಾಯಿಲೆ ನಿಜಕ್ಕೂ ಉಕ್ಕಿತ್ತು. 2020ರಲ್ಲಿ ಕೋವಿಡ್ ಬೆನ್ನಿಗೆ ಇಂಥದೇ ಉರಿಯೂತ ಮಕ್ಕಳಲ್ಲಿ ಕಂಡಾಗ ಚೆನ್ನೈನ ಕಂಚಿ ಕಾಮಕೋಟಿ ಚೈಲ್ಡ್ಸ್ ಟ್ರಸ್ಟ್ ಆಸ್ಪತ್ರೆಯ ವೈದ್ಯರು ಬೇಗನೆ ವರದಿ ಮಾಡಿದರು, ಅದು ಹೊಸದೇ. ಆದರೆ ಅಷ್ಟು ಬೇಗ ಹಿಡಿಯಲಾದದ್ದು ಕವಾಸಾಕಿ ಕಲಿಸಿದ ಲಕ್ಷಣಗಳು ಆಗಲೇ ಬಾಯಿಪಾಠವಾಗಿದ್ದವೆಂದೇ: ಐದು ದಿನ ಬಿಡದ ಜ್ವರ, ಕೆಂಪು ಕಣ್ಣು, ಒಡೆದ ತುಟಿ, ಎಳೆಗೂಸಿನ ತೋಳಿನಲ್ಲಿ ಕೆಂಪೇರಿದ ಬಿಸಿಜಿ ಗುರುತು. ಸ್ನಾಯುನೋವಿನ ಹಿಂದೆ ರಕ್ತನಾಳದ ಕಾಯಿಲೆಯನ್ನು ಹುಡುಕಬೇಕು ಎನ್ನುವುದಕ್ಕೆ ಬರುವ ಆಕ್ಷೇಪ ಇನ್ನೂ ಗಟ್ಟಿ. ಜ್ವರ ಬಂದ ಮಗುವಿನ ಮೀನಖಂಡ ನೋಯುವುದು ಬಹುಪಾಲು ವೈರಸ್ಸಿನಿಂದ, ವಾರದಲ್ಲಿ ವಾಸಿಯಾಗುತ್ತದೆ. ಸುಮ್ಮನೆ ಹೆತ್ತವರನ್ನು ಹೆದರಿಸುವುದೇಕೆ? ಮಾತು ಸರಿ. ಆದರೆ ಆ ವೈರಸ್ ನೋವಿನಲ್ಲಿ ಸ್ನಾಯುವಿನ ಕಿಣ್ವ ರಕ್ತದಲ್ಲಿ ಏರುತ್ತದೆ. ಕುಸ್‌ಮೌಲ್ ಮತ್ತು ಮೈಯರ್ ಆ ದರ್ಜಿಯಲ್ಲಿ ಕಂಡ ಕಾಯಿಲೆ, ಅಂದರೆ ಪಾಲಿಆರ್ಟರೈಟಿಸ್‌ನಲ್ಲಿ, ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕೆಟ್ಟಿರುತ್ತದೆ, ಎಳೆಗಳಲ್ಲ, ಆದ್ದರಿಂದ ಮಗು ಹೆಜ್ಜೆ ಇಡಲಾರದಷ್ಟು ನೊಂದರೂ ಕಿಣ್ವ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಆ ಒಂದು ವರದಿ ನೋಡಿ ಮನೆಗೆ ಕಳಿಸುವ ಮುನ್ನ ಮಗುವಿನ ರಕ್ತದೊತ್ತಡ ಅಳೆಯಬೇಕು, ತೂಕ ಇಳಿದಿದೆಯೇ ಕೇಳಬೇಕು, ಕಾಲಿನ ಚರ್ಮದಡಿ ಗಂಟುಗಳಿವೆಯೇ ಎಂದು ಬೆರಳಿಂದ ತಡವಿ ನೋಡಬೇಕು.