ಮುಂಬಯಿ ಕರ್ನಾಟಕದಲ್ಲಿ ಮಕ್ಕಳ ಬುದ್ಧಿಮಾಪನ: ಮಾತು ಮತ್ತು ಕೈಕೆಲಸ

ಭೀಮಾತೀರದ ದೇವಣಗಾಂವವು 1956ರವರೆಗೆ ಮುಂಬಯಿ ಆಡಳಿತದ ಬಿಜಾಪುರ ಜಿಲ್ಲೆಗೆ ಸೇರಿತ್ತು. ಆ ಭಾಗದ ಮಕ್ಕಳ ಬುದ್ಧಿಯನ್ನು ಅವರ ನುಡಿಯಲ್ಲಿಯೇ ಅಳೆಯುವ ಕ್ರಮಬದ್ಧ ಯತ್ನ ನಡೆದುದು ಧಾರವಾಡದಲ್ಲಿ. ವಿ. ವಿ. ಕಾಮತರು ಬಿನೆ ಮಾಪನವನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಪರಿಷ್ಕರಿಸಿ 1934ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. 1940ರಲ್ಲಿ ಅದು ಗ್ರಂಥರೂಪ ತಾಳಿತು. ಇಂಗ್ಲಿಷ್ ಪ್ರಶ್ನೆಗಳ ಬರಿಯ ಭಾಷಾಂತರಕ್ಕೆ ತೃಪ್ತರಾಗದ ಅವರ ಶ್ರಮ ದೊಡ್ಡದು. ಆದರೂ ಅದು ಪ್ರಧಾನವಾಗಿ ಮಾತಿನ ಪರೀಕ್ಷೆ. ಮನೆಯಲ್ಲಿ ಲಂಬಾಣಿ ಅಥವಾ ಉರ್ದು ಆಡುವ ಮಗು, ಕಿವಿ ಕೇಳದ ಮಗು, ಶಾಲೆಯನ್ನೇ ಕಾಣದ ಮಗು ಉತ್ತರಿಸದೆ ಕುಳಿತರೆ, ಅದು ಬುದ್ಧಿಯ ಕೊರತೆಯೋ ಭಾಷೆಯ ಕೊರತೆಯೋ ಎಂಬುದನ್ನು ಅಂಕಗಳು ಹೇಳಲಾರವು.

ಈ ತೊಡಕಿಗೆ ಪರಿಹಾರವಾಗಿ ಬಂದವು ಕೃತಿರೂಪದ ಪರೀಕ್ಷೆಗಳು. ಸಿ. ಎಂ. ಭಾಟಿಯಾ ಅವರು ಉತ್ತರಪ್ರದೇಶದಲ್ಲಿ ರೂಪಿಸಿ 1955ರಲ್ಲಿ ಪ್ರಕಟಿಸಿದ ಮಾಲೆಯಲ್ಲಿ ಅಕ್ಷರಸ್ಥರನ್ನೂ ನಿರಕ್ಷರರನ್ನೂ ಪರೀಕ್ಷಿಸಲಾಗಿತ್ತು. ಬಣ್ಣದ ಘನಗಳ ಜೋಡಣೆ, ಚಿತ್ರಖಂಡಗಳ ಕೂಡಿಸುವಿಕೆ ಮೊದಲಾದ ಐದು ಪರೀಕ್ಷೆಗಳಲ್ಲಿ ಒಂದು, ಪೆನ್ಸಿಲನ್ನು ಎತ್ತದೆ, ಎಳೆದ ಗೆರೆಯ ಮೇಲೆ ಮತ್ತೆ ಎಳೆಯದೆ ಆಕೃತಿ ಬರೆಯುವುದು. ಅವರು ಮಾನಕಗಳನ್ನು ನಿಗದಿಗೊಳಿಸಿದುದು ಗಂಡುಮಕ್ಕಳಿಂದ ಮಾತ್ರ. ದಿನವೂ ಹೊಸ್ತಿಲ ಮುಂದೆ ಚುಕ್ಕಿಯಿಟ್ಟು ರಂಗೋಲಿ ಎಳೆಯುವ ಹೆಣ್ಣುಮಕ್ಕಳು ಆ ಲೆಕ್ಕದಿಂದ ಹೊರಗುಳಿದರೆಂಬುದು ವಿಚಿತ್ರವೇ ಸರಿ. ಪೆನ್ಸಿಲು ಹಿಡಿದು ರೂಢಿಯಿಲ್ಲದ ಕೈಗೆ ಅದೂ ಒಂದು ಅಕ್ಷರಾಭ್ಯಾಸವೇ. ಮಾತನ್ನು ಕೈಬಿಟ್ಟ ಮಾತ್ರಕ್ಕೆ ಶಾಲೆಯ ಪ್ರಭಾವ ತೊಲಗದು.

ಕನ್ನಡ ನಾಡಿನಲ್ಲಿ ಇದಕ್ಕೆ ಗಮನಾರ್ಹ ಕೊಡುಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯದು. ಶ್ರವಣದೋಷವುಳ್ಳ ಮಕ್ಕಳನ್ನು ಮಾತಿನಿಂದ ಅಳೆಯುವುದು ಎಷ್ಟು ಅಸಂಗತವೆಂಬುದು ಅಲ್ಲಿ ನಿತ್ಯದ ಅನುಭವ. ಜೆ. ಭರತರಾಜ್ ಅವರು ಸೆಗಾನ್ ಹಲಗೆಗೆ ಭಾರತೀಯ ಮಕ್ಕಳ ಮಾನಕಗಳನ್ನು 1971ರಲ್ಲಿ ಪ್ರಕಟಿಸಿದರು. ಹತ್ತು ಮರದ ಆಕೃತಿಗಳನ್ನು ಅವುಗಳ ಕುಳಿಗಳಲ್ಲಿ ಕೂಡಿಸಬೇಕು. ಮೂರು ಬಾರಿ ಮಾಡಿಸಿ ಅತಿ ಕಡಿಮೆ ಹಿಡಿದ ವೇಳೆಯನ್ನು ವಯಸ್ಸಿನ ಮಾನಕದೊಡನೆ ತೂಗುತ್ತಾರೆ. ಮೊದಲ ಬಾರಿಯ ಅಂಜಿಕೆಗೆ ಇಲ್ಲಿ ಕ್ಷಮೆಯುಂಟು, ನಿಧಾನಕ್ಕಿಲ್ಲ. ತಪ್ಪದೆ, ಆದರೆ ಸಾವಕಾಶವಾಗಿ ಜೋಡಿಸುವ ಮಗು ಕೆಳಗಿನ ಅಂಕ ಪಡೆಯುತ್ತದೆ. ಆ ಕಾರಣದಿಂದ ಒಂದೇ ಹಲಗೆಯ ಫಲಿತಾಂಶದ ಮೇಲೆ ಮಗುವಿಗೆ ಬುದ್ಧಿಮಾಂದ್ಯದ ಹಣೆಪಟ್ಟಿ ಹಚ್ಚುವುದನ್ನು ಈ ಲೇಖಕನು ಒಪ್ಪಲಾರನು. ಮನೆಯಲ್ಲಿ ಅದು ಉಣ್ಣುವ, ಉಡುವ, ಅಂಗಡಿಗೆ ಹೋಗಿ ಬರುವ ರೀತಿಯನ್ನು ತಾಯಿಯಿಂದ ಕೇಳಿ ತಿಳಿಯುವುದು ಅಷ್ಟೇ ಅವಶ್ಯಕ.