ದೇವಗಡದ ದೀಪಸ್ತಂಭ: ಹತ್ತಿ ಹಚ್ಚಿದ ದೀಪ

ಕಾರವಾರದ ಎದುರಿನ ಕಡಲಲ್ಲಿ ದೇವಗಡ ಎಂಬ ಪುಟ್ಟ ನಡುಗಡ್ಡೆಯಿದೆ. ಇಂಗ್ಲಿಷರು ಇದನ್ನು ಆಯ್ಸ್ಟರ್ ರಾಕ್ ಎಂದರು. ನಮ್ಮ ಜನರ ಬಾಯಲ್ಲಿ ಅದು ಲೈಟ್‌ಹೌಸ್ ದ್ವೀಪ. ಅದರ ನೆತ್ತಿಯ ಮೇಲಿನ ಬಿಳಿಯ ದೀಪಸ್ತಂಭವನ್ನು ಬ್ರಿಟಿಷರು ಕಟ್ಟಿಸಿದ್ದು 1864ರಲ್ಲಿ. ಆ ಇಸವಿಯ ಹಿಂದೆ ಒಂದು ದೊಡ್ಡ ಕಥೆಯೇ ಇದೆ.

ನಮ್ಮ ವಿದ್ಯಾರ್ಥಿಗಳು ಅಮೆರಿಕದ ಅಂತರ್ಯುದ್ಧವನ್ನು 1861ರಿಂದ 1865 ಎಂದು ಬಾಯಿಪಾಠ ಮಾಡುತ್ತಾರೆ. ಆ ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಹತ್ತಿ ಬರುವುದು ನಿಂತಿತು. ಮ್ಯಾಂಚೆಸ್ಟರಿನ ವರ್ತಕರ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿತ್ತು. ಘಟ್ಟದ ಮೇಲಿನ ಹತ್ತಿಯನ್ನು ಹಡಗಿಗೆ ಏರಿಸಲು ಒಳ್ಳೆಯ ಬಂದರು ಬೇಕಿತ್ತು. ಗುಡ್ಡ ಮತ್ತು ದ್ವೀಪಗಳ ಮರೆಯಲ್ಲಿರುವ ಕಾರವಾರದ ಕೊಲ್ಲಿ ಅವರಿಗೆ ಹಿಡಿಸಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಕಾರವಾರ ಜಿಲ್ಲಾ ಕೇಂದ್ರವಾಯಿತು. ಬಂದರಿಗೆ ಬರುವ ಹಡಗುಗಳಿಗೆ ದಾರಿ ತೋರಲು ಎರಡು ವರ್ಷದಲ್ಲೇ ದೇವಗಡದಲ್ಲಿ ದೀಪ ಹತ್ತಿತು.

ಕೆಲವು ವರ್ಷಗಳ ಹಿಂದೆ, ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ, ಅನುಮತಿ ಪಡೆದು ನಾವು ಕೆಲವು ಶಿಕ್ಷಕರು ದೋಣಿಯಲ್ಲಿ ಅಲ್ಲಿಗೆ ಹೋದೆವು. ಇಳಿದ ಜಾಗದಿಂದ ಮೇಲಕ್ಕೆ ಮರಗಳ ನಡುವೆ ಏರುದಾರಿ. ದ್ವೀಪದ ಗುಡ್ಡವೇ ಎತ್ತರವಾಗಿರುವುದರಿಂದ ಸ್ತಂಭವನ್ನು ಬಹಳ ಎತ್ತರ ಕಟ್ಟಬೇಕಾಗಿಲ್ಲ ಎಂಬುದು ಹತ್ತುವಾಗಲೇ ಕಾಲಿಗೆ ತಿಳಿಯಿತು! ಮೇಲೆ ನಿಂತರೆ ಕಾಳಿ ನದಿಯ ಮುಖ, ಆಚೆ ದಡದ ಸದಾಶಿವಗಡ, ನರಸಿಂಹ ದೇವರ ಕೂರ್ಮಗಡ, ಉದ್ದಕ್ಕೆ ಕಾರವಾರದ ಮರಳದಂಡೆ ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ಬಂದರಿಗೆ ಈ ಜಾಗವನ್ನು ಏಕೆ ಆರಿಸಿದರೆಂದು ಪುಸ್ತಕಕ್ಕಿಂತ ಚೆನ್ನಾಗಿ ಅಲ್ಲಿ ಅರ್ಥವಾಯಿತು.

ಆರಂಭದಲ್ಲಿ ಇದ್ದದ್ದು ಎಣ್ಣೆಯ ದೀಪ. ಅಂಥ ದೀಪಕ್ಕೆ ಪ್ರತಿ ಸಂಜೆ ಎಣ್ಣೆ ತುಂಬಬೇಕು, ಬತ್ತಿ ಸರಿಮಾಡಬೇಕು, ಮಸಿ ಒರೆಸಬೇಕು, ಬೆಳಗಿನವರೆಗೆ ಕಾಯಬೇಕು. ಮಳೆಗಾಲದಲ್ಲಿ ದೋಣಿ ಹತ್ತಿರ ಬರಲಾಗದ ದಿನಗಳಲ್ಲೂ ಆ ಕೆಲಸ ತಪ್ಪುವಂತಿರಲಿಲ್ಲ. ಹಾಗೆ ಕಾದವರ ಹೆಸರುಗಳು ನಮ್ಮ ಪಠ್ಯಪುಸ್ತಕಗಳಲ್ಲಿ ಇಲ್ಲ.

ಇತ್ತ ಕಾರವಾರದ ಕನಸು ಬೇಗ ಬಾಡಿತು. 1865ರಲ್ಲಿ ಯುದ್ಧ ಮುಗಿದು ಅಮೆರಿಕದ ಹತ್ತಿ ಮತ್ತೆ ಬಂತು, ಬೆಲೆ ಕುಸಿಯಿತು. ಹುಬ್ಬಳ್ಳಿಯಿಂದ ರೈಲು ಬರುತ್ತದೆಂದು ಕಾದರು. 1880ರ ದಶಕದಲ್ಲಿ ರೈಲುಮಾರ್ಗ ಕ್ಯಾಸಲ್‌ರಾಕ್ ಮೂಲಕ ಗೋವೆಯ ಮುರ್ಮುಗೋವಾಕ್ಕೆ ಇಳಿಯಿತು. ವ್ಯಾಪಾರವೂ ಅದರ ಹಿಂದೆ ಹೋಯಿತು. ಕಡಲಗುಂಟ ಕೊಂಕಣ ರೈಲು ಪೂರ್ಣಗೊಳ್ಳಲು 1998 ಬರಬೇಕಾಯಿತು. ಘಟ್ಟ ಹತ್ತುವ ಹುಬ್ಬಳ್ಳಿ–ಅಂಕೋಲಾ ಮಾರ್ಗಕ್ಕೆ ಜಿಲ್ಲೆಯ ಜನ ಇಂದಿಗೂ ಕಾಯುತ್ತಿದ್ದಾರೆ.

ಹತ್ತಿಗಾಗಿ ಹಚ್ಚಿದ ದೀಪ ಮಾತ್ರ ಮೀನುಗಾರರಿಗೆ ಉಳಿಯಿತು. ಈಗ ದೋಣಿಗಳಲ್ಲಿ ಜಿಪಿಎಸ್ ಇದೆಯಲ್ಲ, ಈ ದೀಪ ಇನ್ನೂ ಬೇಕೇ ಎಂದು ನಮ್ಮ ದೋಣಿಯವರನ್ನು ಕೇಳಿದೆ. "ಇರ್ಲಿ ಮಾಸ್ತರ್ರೇ, ಯಂತ್ರ ಕೆಡ್ತದೆ. ಆ ದೀಪ ಕಂಡ ಮೇಲೇ ಮನೆ ಬಂತು ಅನ್ನೋ ಧೈರ್ಯ" ಎಂದರು.

ಐವತ್ತು ವರ್ಷ ತುಂಬಿದ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯ ಹಿರಿಯರಿಗೆ ಬಂದರು, ಹಡಗು, ದೀಪದ ಕಾವಲಿನ ನೆನಪುಗಳಿದ್ದರೆ ಕೇಳಿ ಬರೆದಿಡಿ. ಶಾಲೆಗೂ ಒಂದು ಪ್ರತಿ ಕೊಡಿ. ದೂರದೇಶದ ಯುದ್ಧವೊಂದು ನಮ್ಮ ಕಡಲಿನಲ್ಲಿ ದೀಪ ಹಚ್ಚಿದ್ದನ್ನು ಮಕ್ಕಳು ತಮ್ಮ ಊರಿನ ಸಾಕ್ಷಿಯಿಂದಲೇ ಕಲಿಯುವಂತಾಗಲಿ.