ಪಾಂಡಿಚೇರಿಯ ಹಸ್ತಾಂತರವೂ ಪ್ರಜಾತ್ವದ ಆಯ್ಕೆಯೂ

1954ನೆಯ ನವೆಂಬರು 1ರಂದು ಪಾಂಡಿಚೇರಿ, ಕಾರೈಕಾಲ್, ಮಾಹೆ, ಯಾನಾಂ ಎಂಬ ನಾಲ್ಕು ನೆಲೆಗಳು ಫ್ರೆಂಚರ ಕೈಬಿಟ್ಟು ಭಾರತ ಸರ್ಕಾರದ ಆಡಳಿತಕ್ಕೆ ಒಳಪಟ್ಟುವು. ಫ್ರೆಂಚ್ ಪ್ರಭುತ್ವವು ಅಂದೇ ಕೊನೆಗೊಂಡಿತೆಂದು ಬರೆಯುವುದು ವಾಡಿಕೆಯಾಗಿದೆ. ನ್ಯಾಯದೃಷ್ಟಿಯಿಂದ ಈ ಮಾತು ಸಲ್ಲದು. ಅಂದು ಬಂದುದು ಆಡಳಿತ ಮಾತ್ರ. ಸಾರ್ವಭೌಮತ್ವವು ಬಂದುದು 1962ನೆಯ ಆಗಸ್ಟ್ 16ರಂದು. ನಡುವಣ ಸುಮಾರು ಎಂಟು ವರ್ಷ ಅಲ್ಲಿಯ ಫ್ರೆಂಚ್ ಪ್ರಜೆಗಳು ಭಾರತದ ಅಧಿಕಾರಿಗಳ ಅಧೀನದಲ್ಲಿದ್ದೂ ಫ್ರೆಂಚ್ ಪ್ರಜೆಗಳಾಗಿಯೇ ಉಳಿದರು.

ಈ ವಿಳಂಬಕ್ಕೆ ಕಾರಣವನ್ನು ಪಾಂಡಿಚೇರಿಯಲ್ಲಿ ಹುಡುಕಬೇಕಾದುದಿಲ್ಲ. ಕೀಳೂರಿನಲ್ಲಿ 1954ನೆಯ ಅಕ್ಟೋಬರು 18ರಂದು ಕೂಡಿದ 178 ಮಂದಿ ಚುನಾಯಿತ ಸದಸ್ಯರಲ್ಲಿ 170 ಮಂದಿ ವಿಲೀನಕ್ಕೆ ಸಮ್ಮತಿಯಿತ್ತಿದ್ದರು. 1956ನೆಯ ಮೇ 28ರಂದು ಸಂಧಿಪತ್ರಕ್ಕೆ ರುಜುವೂ ಬಿದ್ದಿತು. ಆದರೆ ಅಲ್ಜೀರಿಯದ ಯುದ್ಧವು ನಡೆದಿರುವಾಗ ಮತ್ತೊಂದು ನೆಲವನ್ನು ಬಿಟ್ಟುಕೊಡುವ ಪತ್ರಕ್ಕೆ ಪ್ಯಾರಿಸಿನ ಪಾರ್ಲಿಮೆಂಟು ಒಪ್ಪಿಗೆಯೀಯಲಿಲ್ಲ; ಅಲ್ಜೀರಿಯವು ಸ್ವತಂತ್ರವಾದ ಮೇಲೆಯೇ ಆ ಕಾರ್ಯ ಮುಗಿಯಿತು. ಈ ಅಂತರದ ಫಲವು ವಿಚಿತ್ರವಾದುದು. ಬಸ್ಸಿನ ಪರವಾನಗಿಗೆ ಸಂಬಂಧಿಸಿದ ವ್ಯಾಜ್ಯವೊಂದು 1961ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಪಾಂಡಿಚೇರಿಯು ಭಾರತದ ಭೂಪ್ರದೇಶವಲ್ಲವೆಂದು ಭಾರತ ಸರ್ಕಾರವೇ ತಿಳಿಸಿತು. ನ್ಯಾಯಾಲಯವೂ ಹಾಗೆಯೇ ತೀರ್ಮಾನಿಸಿತು.

ಸಂಧಿಪತ್ರದಲ್ಲಿ ಹೆಚ್ಚು ವಿಚಾರಾರ್ಹವಾದುದು ಪ್ರಜಾತ್ವದ ಭಾಗ. ಈ ನೆಲೆಗಳಲ್ಲಿ ಹುಟ್ಟಿ, ಸಂಧಿಯು ಜಾರಿಗೆ ಬಂದ ದಿನ ಅಲ್ಲಿಯೇ ನೆಲಸಿದ್ದ ಫ್ರೆಂಚ್ ಪ್ರಜೆಯು ಭಾರತದ ಪ್ರಜೆಯಾಗುವನು. ಫ್ರೆಂಚ್ ಪ್ರಜಾತ್ವ ಬೇಕೆಂದರೆ ಆರು ತಿಂಗಳೊಳಗೆ ಬರೆದು ತಿಳಿಸಬೇಕು. ಇಲ್ಲಿಯೇ ಹುಟ್ಟಿ ಭಾರತದ ಹೊರಗೆ ಬೇರೊಂದು ದೇಶದಲ್ಲಿ ನೆಲಸಿದ್ದವನಿಗೆ ನಿಯಮವು ತಿರುವುಮುರುವು: ಆತನು ಫ್ರೆಂಚ್ ಪ್ರಜೆಯಾಗಿಯೇ ಉಳಿಯುವನು, ಭಾರತದವನಾಗಬೇಕಾದರೆ ಬರೆಯಬೇಕು. ಫ್ರೆಂಚ್ ಸೈನ್ಯವನ್ನೂ ಕಚೇರಿಗಳನ್ನೂ ಸೇರಿ ಇಂಡೋಚೀನಕ್ಕೆ ಹೋದವರು ಪಾಂಡಿಚೇರಿಯಲ್ಲಿ ಅನೇಕರು. ಆದುದರಿಂದ ಅಣ್ಣನು ಸೈಗಾನಿನಲ್ಲಿಯೂ ತಮ್ಮನು ಕಾರೈಕಾಲಿನಲ್ಲಿಯೂ ನೆಲಸಿದ್ದು, ಇಬ್ಬರೂ ಏನನ್ನೂ ಬರೆಯದೆ ಸುಮ್ಮನಿದ್ದರೆ, ಒಡಹುಟ್ಟಿದವರು ಎರಡು ದೇಶಗಳ ಪ್ರಜೆಗಳಾಗುತ್ತಿದ್ದರು. ಹದಿನೆಂಟು ತುಂಬದ ಅವಿವಾಹಿತ ಮಕ್ಕಳ ಪಾಡು ತಂದೆಯ ಆಯ್ಕೆಯನ್ನು ಅವಲಂಬಿಸಿತ್ತು. ಇದನ್ನು ಜನರ ಇಚ್ಛೆಗೆ ಬಿಟ್ಟ ಏರ್ಪಾಡೆಂದು ಹೊಗಳುವುದುಂಟು. ಇಚ್ಛೆಗೆ ಅವಕಾಶವಿದ್ದುದು ನಿಜ. ಆದರೆ ಬರೆಯದವನ ಮೌನಕ್ಕೆ ಅರ್ಥ ಕಟ್ಟಿದುದು ಅವನ ಇಚ್ಛೆಯಲ್ಲ, ಅವನ ವಾಸಸ್ಥಳ.

ಗೋವೆಯ ಜನರಿಗೆ ಇಷ್ಟು ಕಾಲಾವಕಾಶವೂ ದೊರೆಯಲಿಲ್ಲ. ಅಲ್ಲಿ 1961ನೆಯ ಡಿಸೆಂಬರಿನಲ್ಲಿ ಪ್ರಭುತ್ವವು ಬದಲಾದುದು ಸೈನ್ಯದ ಮೂಲಕ. ಪೋರ್ಚುಗಲ್ಲು ಅದನ್ನು ಒಪ್ಪಿದುದು 1974ರಲ್ಲಿ. ಸಂಧಿಯಿಲ್ಲದ ಕಾರಣ 1962ನೆಯ ಮಾರ್ಚಿನ ಭಾರತದ ಆಜ್ಞೆಯೊಂದೇ ಆಧಾರವಾಯಿತು. ಹಳೆಯ ಪ್ರಜಾತ್ವವನ್ನು ಉಳಿಸಿಕೊಳ್ಳುವವರಿಗೆ ಅದು ಕೊಟ್ಟ ಗಡುವು ಒಂದೇ ತಿಂಗಳು. ಹಾಗೆ ಉಳಿಸಿಕೊಂಡ ಪಾದ್ರಿಯೊಬ್ಬರು ಪರದೇಶೀಯರ ಕಾನೂನಿನಂತೆ ಶಿಕ್ಷೆಗೊಳಗಾದರು; ಅವರ ವಾದವನ್ನು ಸುಪ್ರೀಂ ಕೋರ್ಟು 1969ರಲ್ಲಿ ತಳ್ಳಿಹಾಕಿತು.

ಪಾಂಡಿಚೇರಿಯಲ್ಲಿ ಇನ್ನೊಂದು ವರ್ಗದವರಿದ್ದರು. 1881ನೆಯ ಸೆಪ್ಟೆಂಬರು 21ರ ಫ್ರೆಂಚ್ ಶಾಸನದಂತೆ ತಮ್ಮ ಕುಲಾಚಾರದ ಕಾನೂನನ್ನು ತ್ಯಜಿಸಿ ಫ್ರೆಂಚ್ ಸಿವಿಲ್ ಸಂಹಿತೆಗೆ ಒಳಪಟ್ಟ ಇವರನ್ನು ‘ರೆನೊನ್ಸಾಂ’, ಎಂದರೆ ತ್ಯಾಗಪತ್ರ ಕೊಟ್ಟವರು, ಎಂದು ಕರೆಯುತ್ತಿದ್ದರು. ಇವರಲ್ಲಿಯೂ ಫ್ರೆಂಚ್ ಪ್ರಜಾತ್ವವನ್ನು ಆರಿಸದವರು 1962ರಲ್ಲಿ ಭಾರತದ ಪ್ರಜೆಗಳಾದರು. ಆದರೂ ಹಿಂದೂ ಉತ್ತರಾಧಿಕಾರದ ಕಾನೂನನ್ನು ಪಾಂಡಿಚೇರಿಗೆ ವಿಸ್ತರಿಸಿದಾಗ ಇವರನ್ನು ಹೊರಗಿಡಲಾಯಿತು. ಪ್ರಭುತ್ವವು ಹೋಯಿತು, ಪ್ರಜಾತ್ವವೂ ಬದಲಾಯಿತು. ಅವರ ಆಸ್ತಿಯು ಮಾತ್ರ ಅಜ್ಜನು ಬರೆದುಕೊಟ್ಟ ಆ ತ್ಯಾಗಪತ್ರದಂತೆಯೇ ಮಕ್ಕಳಿಗೆ ಹಂಚಿಹೋಗುತ್ತಿದ್ದಿತು.